ಮೆಟ್ಟಿಲು ಮುಚ್ಚಿದ ಬಾವಿಗಳು

ಚಿತ್ರದುರ್ಗದ ಹೆಸರೆತ್ತಿದೊಡನೆ ಕಣ್ಣಿಗೆ ಕಟ್ಟುವುದು ಏಳು ಸುತ್ತಿನ ಕೋಟೆ. ಕೋಟೆಯೊಡನೆ ಒನಕೆ ಓಬವ್ವ. ಜನಜನಿತವಾದ ಆ ಕಥೆಯಲ್ಲಿ ಒಂದು ಸಣ್ಣ ವಿವರವನ್ನು ನಾವು ಗಮನಿಸದೆ ದಾಟಿಬಿಡುತ್ತೇವೆ. ಕಾವಲಿನ ಗಂಡ ಊಟಕ್ಕೆ ಕುಳಿತಿದ್ದಾನೆ, ಮನೆಯಲ್ಲಿ ನೀರಿಲ್ಲ, ಓಬವ್ವ ಕೊಡ ಹಿಡಿದು ಹೊಂಡದ ಕಡೆಗೆ ನಡೆದಿದ್ದಾಳೆ. ಹೈದರಾಲಿಯ ಸೈನಿಕರು ಬಂಡೆಯ ಕಿಂಡಿಯಲ್ಲಿ ನುಸುಳುತ್ತಿದ್ದುದು ಅವಳಿಗೆ ಕಂಡದ್ದು ನೀರಿನ ದಾರಿಯಲ್ಲಿ. 1779ರಲ್ಲಿ ಕೋಟೆ ಹೈದರನ ವಶವಾಯಿತು, ಮದಕರಿನಾಯಕನ ಆಳ್ವಿಕೆ ಮುಗಿಯಿತು. ಆ ಸೀಮೆಯ ಹೆಣ್ಣುಮಕ್ಕಳು ಕೊಡ ಹಿಡಿದು ನೀರಿಗೆ ನಡೆಯುವುದು ಮಾತ್ರ ಆಮೇಲೂ ನಿಲ್ಲಲಿಲ್ಲ. ಕೋಟೆಯ ಚರಿತ್ರೆಯನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳಹೊರಟಿರುವುದು ಆ ನೀರಿನ ದಾರಿಯ ಚರಿತ್ರೆಯ ಒಂದು ತುಣುಕನ್ನು. ಬಾವಿಗೆ ಇಳಿಯುವ ಮೆಟ್ಟಿಲುಗಳನ್ನು ಮುಚ್ಚಬೇಕೆಂದು ವೈದ್ಯರು ಹೇಳಿದ, ಮುಚ್ಚುವವರು ಯಾರು, ಖರ್ಚು ಯಾರದು ಎಂದು ಊರು ಕೇಳಿದ ಕಥೆಯನ್ನು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ತಾಲ್ಲೂಕುಗಳೂ ಮಳೆಯ ನೆರಳಿನ ನಾಡು. ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಹೊಳಲ್ಕೆರೆಯ ಕಡೆ ತುಸು ಹೆಚ್ಚು, ಹಿರಿಯೂರಿನ ಕಡೆ ತುಸು ಕಡಿಮೆ. ಇರುವ ಒಂದೇ ದೊಡ್ಡ ಹೊಳೆಯೆಂದರೆ ವೇದಾವತಿ. ಅದಕ್ಕೆ ಮಾರಿಕಣಿವೆಯಲ್ಲಿ 1898ರಿಂದ 1907ರವರೆಗೆ ಕಟ್ಟಿದ ಅಣೆಕಟ್ಟೆ, ರೀಜೆಂಟರಾಗಿದ್ದ ಮಹಾರಾಣಿಯವರ ಹೆಸರಿನ ವಾಣಿವಿಲಾಸ ಸಾಗರ, 1933ರಲ್ಲಿ ಒಮ್ಮೆ ಕೋಡಿ ಹರಿದದ್ದು, ಮತ್ತೆ ಕೋಡಿ ಬೀಳಬೇಕಾದರೆ 2022ರ ವರೆಗೆ ಕಾಯಬೇಕಾಯಿತು ಎಂದರೆ ಆ ನೆಲದ ಬಾಯಾರಿಕೆಯ ಪ್ರಮಾಣ ತಿಳಿದೀತು. ಇಂಥ ಸೀಮೆಯಲ್ಲಿ ಹೊಳೆಯನ್ನು ನಂಬಿ ಊರು ಕಟ್ಟುವಂತಿಲ್ಲ. ದುರ್ಗದ ನಾಯಕರು ಅದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಬೆಟ್ಟದ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗಿನ ಸಿಹಿನೀರು ಹೊಂಡಕ್ಕೆ, ಅದೂ ತುಂಬಿದರೆ ಸಂತೆ ಹೊಂಡಕ್ಕೆ ನೀರು ಇಳಿದು ಬರುವ ಏರ್ಪಾಡನ್ನು ಇಂದಿಗೂ ಜನ ಬೆರಳು ಮಾಡಿ ತೋರಿಸುತ್ತಾರೆ. ಹಳ್ಳಿಗಳಿಗೆ ಇಷ್ಟು ಭಾಗ್ಯವಿರಲಿಲ್ಲ. ಅವುಗಳಿಗೆ ಕೆರೆ, ಕಟ್ಟೆ, ಹಳ್ಳದ ಒರತೆ, ಇವೆಲ್ಲಕ್ಕಿಂತ ಹೆಚ್ಚಾಗಿ ಬಾವಿ.

ಬಾವಿ ಎಂಬ ಮಾತನ್ನು ಇಲ್ಲಿ ತುಸು ತಡೆದು ನೋಡಬೇಕು. ಕನ್ನಡ ಮೇಷ್ಟರ ಹಳೆಯ ಚಾಳಿಯೆಂದು ಶ್ರೋತೃಗಳು ಮನ್ನಿಸಬೇಕು. ಆದರೆ ಈ ಶಬ್ದದಲ್ಲಿಯೇ ಮುಂದಿನ ಕಥೆಯ ಬೀಜವಿದೆ. ಬಾವಿ ಎಂಬುದು ಸಂಸ್ಕೃತದ 'ವಾಪಿ' ಶಬ್ದದ ತದ್ಭವ. ನಮ್ಮ ಶಾಸನಗಳು ಪುಣ್ಯಕಾರ್ಯಗಳನ್ನು ಎಣಿಸುವಾಗ ವಾಪಿ, ಕೂಪ, ತಟಾಕ ಎಂದು ಮೂರನ್ನು ಬೇರೆಬೇರೆಯಾಗಿ ಹೇಳುತ್ತವೆ. ತಟಾಕ ಕೆರೆ. ಕೂಪವೆಂದರೆ ಹಗ್ಗ ಬಿಟ್ಟು ಸೇದುವ ಗುಂಡಿ. ವಾಪಿಯೆಂದರೆ ಮೆಟ್ಟಿಲಿಳಿದು ನೀರನ್ನು ಮುಟ್ಟುವಂಥದು. ಕನ್ನಡ ಈ ಎರಡರಲ್ಲಿ ವಾಪಿಯನ್ನೇ ಎತ್ತಿಕೊಂಡು ಎಲ್ಲದಕ್ಕೂ ಅದೇ ಹೆಸರನ್ನಿಟ್ಟಿತು. ಇನ್ನೊಂದನ್ನು ಹೇಳಬೇಕಾದಾಗ 'ಸೇದುವ ಬಾವಿ' ಎಂದು ವಿಶೇಷಣ ಹಚ್ಚಿತು. ಬಾವಿಯೆಂದರೆ ಇಳಿಯುವುದೇ ಸಹಜ, ಸೇದುವುದು ವಿಶೇಷ ಎಂಬ ಭಾವ ಭಾಷೆಯಲ್ಲಿಯೇ ಕೂತಿತ್ತೆಂದು ನಾನು ಊಹಿಸುತ್ತೇನೆ. ಕ್ರಿ.ಶ. 1025ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ನೆಲದೊಳಗಿನ ನೀರಿನ ಸೆಲೆಯನ್ನು ಗುರುತಿಸುವ ಉದಕಾರ್ಗಳದ ವಿಚಾರ ಬರುತ್ತದೆ. ನೀರೆಲ್ಲಿದೆ ಎಂಬ ವಿದ್ಯೆ ನಮ್ಮಲ್ಲಿ ಸಾವಿರ ವರ್ಷ ಹಳೆಯದು. ಸಿಕ್ಕ ನೀರಿಗೆ ಕಾಲು ತಾಗಬಾರದೆಂಬ ವಿದ್ಯೆಗೆ ಇನ್ನೂ ನೂರು ವರ್ಷ ತುಂಬುತ್ತಿದೆಯಷ್ಟೆ.

ಮೆಟ್ಟಿಲು ಬಾವಿಯ ಸೌಕರ್ಯವನ್ನು ಅಲ್ಲಗಳೆಯುವಂತಿಲ್ಲ. ಹಗ್ಗ ಬೇಡ, ರಾಟೆ ಬೇಡ, ತೋಳಿನ ಬಲ ಬೇಡ. ಬೇಸಿಗೆಯಲ್ಲಿ ನೀರು ಎಷ್ಟು ಕೆಳಗಿಳಿದರೂ ನಾಲ್ಕು ಮೆಟ್ಟಿಲು ಹೆಚ್ಚಿಗೆ ಇಳಿದರಾಯಿತು. ಮೊಣಕಾಲುದ್ದ ನೀರಿನಲ್ಲಿ ನಿಂತು, ಬಿಂದಿಗೆಯಿಂದ ಮೇಲಿನ ಕೆನೆಯನ್ನು ಅತ್ತಿತ್ತ ಸರಿಸಿ, ಮುಳುಗಿಸಿ, ತುಂಬಿ, ಸೊಂಟಕ್ಕೇರಿಸಿ ಹತ್ತಿ ಬಂದರೆ ಕೆಲಸ ಮುಗಿಯಿತು. ಹಾಗೆ ನಿಂತವಳ ಕಾಲಿನಲ್ಲಿ ಒಂದು ಹುಣ್ಣಿದ್ದರೆ?

ನಾರುಹುಣ್ಣು ಎಂಬ ಹೆಸರು ಇಂದಿನ ತರುಣರಿಗೆ ತಿಳಿದಿರಲಾರದು. ನನ್ನ ಅಜ್ಜಿಯ ಎಡಗಾಲಿನ ಮೀನಖಂಡದ ಕೆಳಗೆ ಸುಟ್ಟ ಕಲೆಯಂಥ ಒಂದು ಗುರುತಿತ್ತು. ಕೇಳಿದರೆ ಆಕೆ ಹೇಳುತ್ತಿದ್ದಳು: ಮೊದಲು ಬೊಕ್ಕೆಯೇಳುತ್ತದೆ, ಬೆಂಕಿ ಇಟ್ಟಂತೆ ಉರಿಯುತ್ತದೆ, ಒಡೆದರೆ ಬಿಳಿಯ ನೂಲಿನ ತುದಿ ಕಾಣಿಸುತ್ತದೆ. ಆ ತುದಿಯನ್ನು ಪೊರಕೆಕಡ್ಡಿಗೆ ಸುತ್ತಬೇಕು. ದಿನಕ್ಕೆ ಒಂದೆರಡು ಸುತ್ತು. ಹೆಚ್ಚು ಎಳೆದರೆ ಕಡಿದು ಒಳಗೇ ಉಳಿದು ಕಾಲು ಬಾತುಕೊಳ್ಳುತ್ತದೆ. ಹುಳ ಪೂರ್ತಿ ಹೊರಬರುವಷ್ಟರಲ್ಲಿ ವಾರಗಳು ಉರುಳುತ್ತವೆ. ಉರಿ ತಡೆಯಲಾರದೆ ಎಲ್ಲರೂ ಮಾಡುತ್ತಿದ್ದುದು ಒಂದೇ ಕೆಲಸ: ಕಾಲನ್ನು ತಣ್ಣೀರಿನಲ್ಲಿಡುವುದು. ಊರಿನಲ್ಲಿ ತಣ್ಣೀರು ಎಲ್ಲಿತ್ತು? ಬಾವಿಯಲ್ಲಿ.

ಹುಳಕ್ಕೆ ಬೇಕಾಗಿದ್ದುದೂ ಅದೇ. ಹೆಣ್ಣು ಹುಳ ಮೂರಡಿಯವರೆಗೆ ಬೆಳೆಯುತ್ತದೆ. ತಣ್ಣೀರು ತಾಗಿದೊಡನೆ ಅದು ಸಾವಿರ ಸಾವಿರ ಮರಿಗಳನ್ನು ನೀರಿಗೆ ಚೆಲ್ಲುತ್ತದೆ. ಆ ಮರಿಗಳನ್ನು ಸೈಕ್ಲಾಪ್ಸ್ ಎಂಬ, ಕಣ್ಣಿಗೆ ಚುಕ್ಕೆಯಷ್ಟೇ ಕಾಣುವ ಜಲಜೀವಿ ನುಂಗುತ್ತದೆ. ಗ್ರೀಕರ ಪುರಾಣದ ಒಂಟಿಕಣ್ಣಿನ ದೈತ್ಯನ ಹೆಸರನ್ನು ಈ ಅಣುಗಾತ್ರದ ಪ್ರಾಣಿಗೆ ಇಟ್ಟವರ ಹಾಸ್ಯಪ್ರಜ್ಞೆ ಮೆಚ್ಚಬೇಕಾದದ್ದೇ. ಅದಕ್ಕೂ ಒಂದೇ ಕಣ್ಣು. ಅದರ ಹೊಟ್ಟೆಯಲ್ಲಿ ಎರಡು ವಾರ ಬೆಳೆದ ಮರಿ, ಆ ನೀರನ್ನು ಕುಡಿದವರ ಹೊಟ್ಟೆ ಸೇರಿ, ಹತ್ತರಿಂದ ಹದಿನಾಲ್ಕು ತಿಂಗಳು ಸದ್ದಿಲ್ಲದೆ ಬೆಳೆದು, ಮತ್ತೆ ಕಾಲಿನಲ್ಲಿ ಬೊಕ್ಕೆಯಾಗಿ ಏಳುತ್ತದೆ. ಈ ಸೈಕ್ಲಾಪ್ಸಿನ ಪಾತ್ರವನ್ನು 1870ರಲ್ಲಿ ತುರ್ಕಿಸ್ತಾನದಲ್ಲಿ ಕಂಡುಕೊಂಡವನು ಫೆದ್ಚೆಂಕೊ ಎಂಬ ರಷ್ಯದ ವಿಜ್ಞಾನಿ. ಕುಡಿದದ್ದಕ್ಕೂ ಹುಣ್ಣಾದದ್ದಕ್ಕೂ ನಡುವೆ ಒಂದು ವರ್ಷದ ಅಂತರ. ಕಳೆದ ಬೇಸಿಗೆಯ ನೀರಿನ ಫಲ ಈ ಬೇಸಿಗೆಯ ಕಾಲಿನಲ್ಲಿ ಕಂಡರೆ ಯಾವ ರೈತ ತಾನೇ ಎರಡನ್ನೂ ಜೋಡಿಸಿ ನೋಡಿಯಾನು? ಅದೂ ಬಿತ್ತನೆಯ ಮುಂಗಾಲದಲ್ಲಿ ಗಂಡಾಳು ಹೆಣ್ಣಾಳು ಮಲಗಿಬಿಟ್ಟರೆ ಆ ವರ್ಷದ ಜೋಳ ರಾಗಿ ಹೋದಂತೆಯೇ. ನಾರುಹುಣ್ಣು ಕೊಲ್ಲುವ ರೋಗವಲ್ಲ. ಉಪವಾಸ ಕೆಡಹುವ ರೋಗ.

ಇಲ್ಲೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದರೆ ಸೈಕ್ಲಾಪ್ಸ್ ಬಟ್ಟೆಯಲ್ಲಿಯೇ ನಿಲ್ಲುತ್ತದೆ, ರೋಗ ಬರುವುದಿಲ್ಲ. ನಮ್ಮಲ್ಲಿ ಜೈನರು ಶತಮಾನಗಳಿಂದ ನೀರನ್ನು ಸೋಸಿಯೇ ಕುಡಿದವರು. ತಮ್ಮನ್ನು ಉಳಿಸಿಕೊಳ್ಳಲೆಂದಲ್ಲ, ನೀರಿನಲ್ಲಿರುವ ಜೀವವನ್ನು ಉಳಿಸಲೆಂದು. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಬಸದಿ ಇಂದಿಗೂ ನಿಂತಿದೆ. ಅಹಿಂಸೆಯ ಆಚಾರವೊಂದು ಆರೋಗ್ಯದ ಆಚಾರವೂ ಆಗಿ ಆ ಸೀಮೆಯಲ್ಲಿಯೇ ಇತ್ತು. ಪಕ್ಕದ ಮನೆಗೆ ಅದು ಹರಡಲಿಲ್ಲ.

ಈಗ ನಮ್ಮ ಕಥೆಯ ನಡುಭಾಗಕ್ಕೆ ಬರೋಣ. ಮೈಸೂರು ಸಂಸ್ಥಾನ 1898ರ ಪ್ಲೇಗಿನ ಪೆಟ್ಟು ತಿಂದ ಮೇಲೆ ಆರೋಗ್ಯವೆಂದರೆ ಆಸ್ಪತ್ರೆ ಮಾತ್ರವಲ್ಲವೆಂಬುದನ್ನು ಕಲಿತಿತ್ತು. 1920ರ ದಶಕದ ಕೊನೆಯಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಡನೆ ಸಂಸ್ಥಾನದಲ್ಲಿ ಪ್ರತ್ಯೇಕ ಸಾರ್ವಜನಿಕ ಆರೋಗ್ಯ ಇಲಾಖೆ ರೂಪುಗೊಂಡಿತು. ಮಲೇರಿಯ ಅಧ್ಯಯನದ ಕೇಂದ್ರಗಳು ತೆರೆದ ಊರುಗಳಲ್ಲಿ ಮೂಡಿಗೆರೆ, ನಾಗೇನಹಳ್ಳಿಗಳೊಡನೆ ಮಾರಿಕಣಿವೆಯ ನಾಲೆಯ ಹಿರಿಯೂರೂ ಒಂದು. ನೀರಿಲ್ಲದ ಊರಿಗೆ ನೀರು ಬಂದರೆ ಸೊಳ್ಳೆಯೂ ಬರುತ್ತದೆ ಎಂಬುದು ಹಿರಿಯೂರಿನ ಪಾಠ. ಆ ಕಾಲದಲ್ಲಿ ಇಲ್ಲಿ ಕೆಲಸ ಮಾಡಿದ ರಾಕ್‌ಫೆಲ್ಲರ್ ವೈದ್ಯ ಡಬ್ಲ್ಯು. ಸಿ. ಸ್ವೀಟ್, ಬಾವಿ ತೊಟ್ಟಿಗಳಲ್ಲಿ ಬೆಳೆಯುವ ಸ್ಟೀಫೆನ್ಸೈ ಸೊಳ್ಳೆಯ ಒಂದು ಪ್ರಭೇದವನ್ನು ಅದರ ಮೊಟ್ಟೆಯ ಲಕ್ಷಣದಿಂದ ಬೇರ್ಪಡಿಸಿದಾಗ ಅದಕ್ಕೆ 'ಮೈಸೊರೆನ್ಸಿಸ್' ಎಂದು ಹೆಸರಾಯಿತು. ಸೊಳ್ಳೆಯ ಮೂಲಕ ಮೈಸೂರಿಗೆ ಬಂದ ಈ ಕೀರ್ತಿಯ ಬಗ್ಗೆ ನಾವು ಹೆಮ್ಮೆಪಡಬೇಕೋ ಬೇಡವೋ ತಿಳಿಯದು.

ಅದೇ ಸಮಯದಲ್ಲಿ ವಿ. ಎನ್. ಮೂರ್ತಿ ಎಂಬ ನಮ್ಮವರೊಬ್ಬರು ಚಿತ್ರದುರ್ಗ ಜಿಲ್ಲೆಯ ನಾರುಹುಣ್ಣನ್ನು ಹಿಡಿದು ಕೂತರು. ಅವರ ಅಧ್ಯಯನ 1932ರಲ್ಲಿ ಕಲ್ಕತ್ತೆಯ 'ಇಂಡಿಯನ್ ಮೆಡಿಕಲ್ ಗೆಜೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಖನದ ಹೆಸರಿನಲ್ಲಿಯೇ ಜಿಲ್ಲೆಯ ಹೆಸರಿದೆ. ಇಂಗ್ಲಿಷರ ಬಾಯಲ್ಲಿ ಅದು 'ಚಿತಲ್‌ದ್ರುಗ್'. ಪ್ರಪಂಚದಲ್ಲಿ ಈ ಹುಳವನ್ನು ಕುರಿತು ಬರೆಯುವವರು ಇಂದಿಗೂ ಮೂರ್ತಿಯವರ ಹೆಸರನ್ನು ಎತ್ತುತ್ತಾರೆ. ದುರ್ಗದಲ್ಲಿ ಎಷ್ಟು ಮಂದಿಗೆ ಆ ಹೆಸರು ಗೊತ್ತು ಎಂದು ನಾನು ಕೆಲವು ಸಭೆಗಳಲ್ಲಿ ಕೇಳಿ ನೋಡಿದ್ದೇನೆ, ಕೈ ಎತ್ತಿದವರಿಲ್ಲ.

ಮೂರ್ತಿಯವರೂ ಸ್ವೀಟರೂ ಕೂಡಿ 1936ರಲ್ಲಿ ಪ್ರಕಟಿಸಿದ ಇನ್ನೊಂದು ಬರಹ ನನಗೆ ಬಹಳ ಪ್ರಿಯವಾದದ್ದು. ಮೆಟ್ಟಿಲು ಬಾವಿಗಳಿಗೆ ಬಾರ್ಬಸ್ ಜಾತಿಯ ಸಣ್ಣ ಮೀನುಗಳನ್ನು ಬಿಟ್ಟರೆ ಅವು ಸೈಕ್ಲಾಪ್ಸುಗಳನ್ನು ತಿಂದು ಹಾಕುತ್ತವೆ, ರೋಗದ ಸರಪಳಿ ಕಡಿಯುತ್ತದೆ ಎಂದು ಅವರು ತೋರಿಸಿದರು. ಔಷಧಿಯಿಲ್ಲ, ಗಾರೆಯಿಲ್ಲ, ಕಂಟ್ರಾಕ್ಟರನಿಲ್ಲ; ಬಕೀಟಿನಲ್ಲಿ ತಂದು ಸುರಿದ ಮೀನು. ಬಡ ಜಿಲ್ಲೆಗೆ ಇದಕ್ಕಿಂತ ಅಗ್ಗದ ಉಪಾಯ ಬೇರೊಂದಿರಲಾರದು. ಅದೇ ವರ್ಷ ಆ ಜೋಡಿ ನಾಯಿಗಳಿಗೆ ಈ ರೋಗವನ್ನು ಪ್ರಯೋಗಪೂರ್ವಕವಾಗಿ ಹತ್ತಿಸಿ ನೋಡಿ ಅದನ್ನೂ ವರದಿ ಮಾಡಿತು. ಹುಳ ಮನುಷ್ಯನದೇ ಎಂದು ಲೋಕ ಬಹುಕಾಲ ನಂಬಿಕೊಂಡಿತ್ತು. 2012ರ ಹೊತ್ತಿಗೆ ಆಫ್ರಿಕದ ಚಾಡ್ ದೇಶದಲ್ಲಿ ನಾಯಿಗಳಲ್ಲಿಯೂ ಅದು ಕಾಣಿಸಿಕೊಂಡು ನಿರ್ಮೂಲನದ ಕೆಲಸವನ್ನೇ ತಡೆದು ನಿಲ್ಲಿಸಿತು. ದುರ್ಗದ ಹುಳದ ಬೆನ್ನುಹತ್ತಿದ್ದವರು ನಾಯಿಯ ಕಡೆ ನೋಡಿದ್ದು ಅದಕ್ಕೆ ಎಪ್ಪತ್ತಾರು ವರ್ಷ ಮುಂಚೆ.

ಮೀನು ಅಗ್ಗವಾದರೂ ಶಾಶ್ವತವಲ್ಲ. ಬಾವಿ ಬತ್ತಿದರೆ ಮೀನು ಸಾಯುತ್ತದೆ, ಹುಡುಗರು ಹಿಡಿದು ಸುಟ್ಟು ತಿನ್ನುತ್ತಾರೆ. ಶಾಶ್ವತವಾದ ಉಪಾಯ ಒಂದೇ: ಮೆಟ್ಟಿಲಿಗೆ ಅಡ್ಡಗೋಡೆ ಕಟ್ಟಿ ಮುಚ್ಚುವುದು, ಬಾಯಿಯ ಸುತ್ತ ಕಟ್ಟೆ ಎಬ್ಬಿಸುವುದು, ಚೆಲ್ಲಿದ ನೀರು ಒಳಕ್ಕೆ ಮರಳದಂತೆ ಹಾಸುಗಲ್ಲು, ಚರಂಡಿ ಮಾಡುವುದು, ಮೇಲೆ ರಾಟೆ ಹಾಕುವುದು. ವಾಪಿಯನ್ನು ಕೂಪ ಮಾಡುವುದು, ಅಷ್ಟೆ. ಕೇಳಲು ಎಷ್ಟು ಸುಲಭ! ಆದರೆ ಇಲ್ಲಿಂದಲೇ ವೈದ್ಯರ ಕೆಲಸ ಮುಗಿದು ಬೋರ್ಡಿನವರ ಕೆಲಸ ಮೊದಲಾಗುತ್ತದೆ.

ಬಾವಿ ಯಾರದು ಎಂಬುದು ಮೊದಲ ತೊಡಕು. ಊರ ಬಾವಿಯಾದರೆ ಸರಿ. ಎಷ್ಟೋ ಹಳ್ಳಿಗಳಲ್ಲಿ ಜನ ಕುಡಿಯುತ್ತಿದ್ದುದು ಗೌಡರದೋ ಶಾನುಭೋಗರದೋ ತೋಟದ ಬಾವಿಯ ನೀರನ್ನು. ಕಪಿಲೆ ಹೊಡೆಯುವ ಬಾವಿಗೂ ಒಂದು ಬದಿಯಲ್ಲಿ ಮೆಟ್ಟಿಲಿರುತ್ತಿತ್ತು. ಬ್ರಿಟಿಷ್ ಇಂಡಿಯದ 1882ರ ಈಸ್‌ಮೆಂಟ್ ಕಾಯಿದೆ ತನ್ನ ನೆಲದಡಿಯ ನೀರನ್ನು ನೆಲದ ಒಡೆಯ ಸ್ವೇಚ್ಛೆಯಾಗಿ ಎತ್ತಬಹುದೆಂಬ ಇಂಗ್ಲಿಷ್ ನ್ಯಾಯವನ್ನು ಒಪ್ಪಿಕೊಂಡಿತ್ತು. ಆ ಕಾಯಿದೆಯ ಗಡಿಯ ಹೊರಗಿದ್ದ ಮೈಸೂರಿನಲ್ಲಿಯೂ ರೈತನ ಮನಸ್ಸಿನ ಕಾಯಿದೆ ಅದೇ ಆಗಿತ್ತು: ನನ್ನ ಹೊಲ, ನನ್ನ ಬಾವಿ. ಆತ ಊರಿಗೆ ಕುಡಿಯಲು ಬಿಟ್ಟದ್ದು ಧರ್ಮಕ್ಕೆ. ಧರ್ಮಕ್ಕೆ ಬಿಟ್ಟದ್ದನ್ನು ಗೋಡೆ ಕಟ್ಟಿ ಕೊಡು ಎಂದು ಸರ್ಕಾರ ಕೇಳುವುದು ಹೇಗೆ? ಬೊಂಬಾಯಿಯಂಥ ನಗರದಲ್ಲಿಯೇ, 1911ರಲ್ಲಿ ಬೆಂಟ್ಲಿ ಎಂಬ ವೈದ್ಯ ಮಲೇರಿಯಕ್ಕೆ ಮನೆಬಾವಿಗಳೇ ಕಾರಣವೆಂದು ವರದಿ ಕೊಟ್ಟ ಮೇಲೆ, ಬಾವಿ ಮುಚ್ಚಿಸುವ ಕೆಲಸಕ್ಕೆ ಪಾರ್ಸಿಗಳೂ ಇತರರೂ ಧರ್ಮದ ಹೆಸರಿನಲ್ಲಿ ಅಡ್ಡನಿಂತರು. ಹಾಗಿರುವಾಗ ಹೊಸದುರ್ಗದ ರೈತನನ್ನು ದೂರಿ ಪ್ರಯೋಜನವಿಲ್ಲ. ಪಟ್ಟಣಗಳ ಮಟ್ಟಿಗೆ ಕಾನೂನು ಮುಂದಿತ್ತು. ಅಪಾಯಕರವಾದ ಖಾಸಗಿ ಬಾವಿಯನ್ನು ದುರಸ್ತಿ ಮಾಡು, ಇಲ್ಲವೆ ಮುಚ್ಚು ಎಂದು ಒಡೆಯನಿಗೆ ನೋಟೀಸು ಕೊಡುವ ಅಧಿಕಾರ ಪುರಸಭೆಗಳಿಗೆ ಬಂದಿತ್ತು. ಹಳ್ಳಿಗಳಲ್ಲಿ ನೋಟೀಸು ಕೊಡಬೇಕಾದ ಪಂಚಾಯಿತಿಯ ಅಧ್ಯಕ್ಷನೇ ಹಲವು ಕಡೆ ಆ ಬಾವಿಯ ಒಡೆಯ.

ಎರಡನೆಯ ತೊಡಕು ಹಣದ್ದು. ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಎತ್ತುತ್ತಿದ್ದ ಲೋಕಲ್ ಫಂಡ್ ಸೆಸ್ಸು ಜಿಲ್ಲಾ ಬೋರ್ಡಿನ ಮುಖ್ಯ ಆದಾಯ. ಮಳೆ ಕೈಕೊಟ್ಟ ವರ್ಷ ಕಂದಾಯ ವಜಾ. ಕಂದಾಯ ವಜಾ ಆದರೆ ಸೆಸ್ಸೂ ವಜಾ. ಬಾವಿ ಬತ್ತಿ ರೋಗ ಹೆಚ್ಚಾಗುವುದೂ ಅದೇ ವರ್ಷ. ಬೊಕ್ಕಸ ತುಂಬಿದಾಗ ಬಾವಿಯೂ ತುಂಬಿರುತ್ತದೆ, ಯಾರಿಗೂ ಅದರ ನೆನಪಿರುವುದಿಲ್ಲ. ಈ ವಿಪರ್ಯಾಸವನ್ನು ಯಾವ ರೆಗ್ಯುಲೇಷನ್ನೂ ಬಗೆಹರಿಸಲಿಲ್ಲ. 1902ರ ಲೋಕಲ್ ಬೋರ್ಡ್ ರೆಗ್ಯುಲೇಷನ್, ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ವರ್ಷವಾದ 1918ರದು, ತಾಲ್ಲೂಕು ಬೋರ್ಡುಗಳನ್ನು ತೆಗೆದುಹಾಕಿ ಜಿಲ್ಲಾ ಬೋರ್ಡನ್ನೂ ಗ್ರಾಮ ಪಂಚಾಯಿತಿಯನ್ನೂ ಮಾತ್ರ ಉಳಿಸಿಕೊಂಡ 1926ರದು, ಎಲ್ಲದರಲ್ಲಿಯೂ ಕುಡಿಯುವ ನೀರು ಕರ್ತವ್ಯಗಳ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿರುವುದು ಬೇರೆ, ಬಜೆಟ್ಟಿನಲ್ಲಿರುವುದು ಬೇರೆ. ಬೋರ್ಡಿನ ಹಣದ ದೊಡ್ಡ ಪಾಲು ರಸ್ತೆಗೆ ಹೋಗುತ್ತಿತ್ತು. ಉಳಿದದ್ದರಲ್ಲಿ ಹೊಸ ಬಾವಿಗೆ ಬೇಡಿಕೆಯಿತ್ತು. ಪ್ರಜಾಪ್ರತಿನಿಧಿ ಸಭೆಯಲ್ಲಿ ನಮ್ಮೂರಿಗೊಂದು ಬಾವಿ ಬೇಕೆಂದು ಎದ್ದುನಿಲ್ಲದ ಪ್ರತಿನಿಧಿ ವಿರಳ. ಹಳೆಯ ಬಾವಿಯ ಮೆಟ್ಟಿಲು ಮುಚ್ಚಿಕೊಡಿ ಎಂದು ಕೇಳುವವರು ಯಾರು? ಹೊಸ ಬಾವಿಗೆ ಕಲ್ಲು ನೆಟ್ಟು ಹೆಸರು ಕೆತ್ತಿಸಬಹುದು. ಮೆಟ್ಟಿಲು ಮುಚ್ಚಿದ್ದಕ್ಕೆ ಹೆಸರು ಕೆತ್ತಿಸಿಕೊಂಡವರನ್ನು ನಾನು ಕಂಡಿಲ್ಲ. ಖರ್ಚಿನಲ್ಲಿ ಎರಡನೆಯದು ಮೊದಲನೆಯದರ ಒಂದು ಪಾಲಷ್ಟೇ ಆದೀತು ಎಂಬುದು ಯಾವ ಗಾರೆಯವನಿಗೂ ತಿಳಿದ ಲೆಕ್ಕ. ಹಾಗಿದ್ದೂ ಆರೋಗ್ಯಾಧಿಕಾರಿ ಬರೆದ ಪತ್ರ ಇಂಜಿನಿಯರರ ಮೇಜಿಗೆ, ಅಲ್ಲಿಂದ ಬೋರ್ಡಿನ ಮೇಜಿಗೆ ಹೋಗಬೇಕು. ರೋಗ ತಿಳಿದವನ ಕೈಯಲ್ಲಿ ಹಣವಿಲ್ಲ, ಹಣವಿದ್ದವನಿಗೆ ರೋಗ ತಿಳಿಯದು.

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಹರಡಿದಾಗ ಜಾನ್ ಸ್ನೋ ಎಂಬ ವೈದ್ಯ ಬೋರೆಪಂಪಿನ ಹಿಡಿಯನ್ನು ಕೀಳಿಸಿದನೆಂಬ ಕಥೆಯನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಕೀಳಿಸಿದವನು ಸ್ನೋ ಅಲ್ಲ. ಆತ ಹೋಗಿ ನಿಂತದ್ದು ಸ್ಥಳೀಯ ಪ್ಯಾರಿಷ್ಷಿನ ಮಂಡಳಿಯ ಮುಂದೆ. ಕೀಳಿಸಿದ್ದು ಆ ಮಂಡಳಿ, ಅದೂ ಅರೆನಂಬಿಕೆಯಿಂದ, ಮರುದಿನವೇ. ಆ ಮಂಡಳಿಯವರ ಹೆಸರುಗಳನ್ನು ಯಾರೂ ನೆನೆಯುವುದಿಲ್ಲ. ಸಾರ್ವಜನಿಕ ಆರೋಗ್ಯದ ಚರಿತ್ರೆಯಲ್ಲಿ ವೈದ್ಯರಷ್ಟೇ ಮುಖ್ಯವಾದವರು ಈ ಹೆಸರಿಲ್ಲದ ಮೆಂಬರುಗಳು ಎಂದು ನನಗನ್ನಿಸುತ್ತದೆ.

ಮೂರನೆಯ ತೊಡಕನ್ನು ಹೇಳಲು ನಾಲಗೆ ಏಳದು. ಆದರೆ ಹೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ಮೆಟ್ಟಿಲು ಬಾವಿಗೆ ಎಲ್ಲರೂ ಇಳಿಯುವಂತಿರಲಿಲ್ಲ. ಕೆಲವರು ಮೇಲಿನ ಮೆಟ್ಟಿಲಿನಾಚೆ ಕೊಡವಿಟ್ಟು, ಯಾರಾದರೂ ಕರುಣೆಯಿಂದ ಎತ್ತಿ ಹೊಯ್ಯುವವರೆಗೆ ಬಿಸಿಲಿನಲ್ಲಿ ಕಾಯಬೇಕಾಗಿತ್ತು. ಮೆಟ್ಟಿಲು ಮುಚ್ಚಿ ರಾಟೆ ಹಾಕಿದರೆ ಪ್ರಶ್ನೆ ಇನ್ನಷ್ಟು ಹರಿತವಾಯಿತು: ಹಗ್ಗ ಒಂದೇ, ಅದನ್ನು ಯಾರು ಮುಟ್ಟಬೇಕು? ಸಂಸ್ಥಾನ ಇದಕ್ಕೆ ಕಂಡುಕೊಂಡ ದಾರಿ ಆದಿಕರ್ನಾಟಕರ ಕೇರಿಗಳಲ್ಲಿ ಪ್ರತ್ಯೇಕ ಬಾವಿ ತೋಡಿಸುವುದು. ನೀರು ಸಿಕ್ಕಿತು, ನಿಜ. ಬೇರೆ ಬಾವಿಯಿರುವಾಗ ನಮ್ಮ ಬಾವಿಗೇಕೆ ಬರುತ್ತೀರಿ ಎನ್ನುವವರ ಬಾಯಿಗೊಂದು ಮಾತೂ ಸಿಕ್ಕಿತು. ಅಂಬೇಡ್ಕರರು ಮಹಾಡಿನ ಕೆರೆಯ ನೀರನ್ನು ಮುಟ್ಟಿದ್ದು 1927ರಲ್ಲಿ. ಸಾರ್ವಜನಿಕ ಬಾವಿಗೆ ತಡೆಯೊಡ್ಡುವುದು ದೇಶಾದ್ಯಂತ ಅಪರಾಧವಾದದ್ದು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯಿಂದ. ನಾರುಹುಣ್ಣಿನ ಹುಳವಾದರೋ ಕಾಲಿನ ಜಾತಿಯನ್ನು ಕೇಳಿದ್ದಿಲ್ಲ.

ಹೆಣ್ಣುಮಕ್ಕಳ ಕಡೆಯಿಂದಲೂ ನೋಡಬೇಕು. ಇಳಿದು ತುಂಬುತ್ತಿದ್ದವಳು ಈಗ ಅರವತ್ತು ಅಡಿ ಹಗ್ಗ ಸೇದಬೇಕು. ಕೈ ಬೊಕ್ಕೆಯೇಳುತ್ತದೆ, ಹಗ್ಗ ಸವೆಯುತ್ತದೆ, ಹೊಸ ಹಗ್ಗಕ್ಕೆ ಪಂಚಾಯಿತಿಯಲ್ಲಿ ಹಣವಿಲ್ಲ. ಹೊಳಲ್ಕೆರೆ ಹೊಸದುರ್ಗಗಳ ನಡುವಿನ ಒಂದು ಹಳ್ಳಿಯಲ್ಲಿ, ನಾನು ಅಧ್ಯಾಪಕನಾಗಿದ್ದ ಕಾಲದಲ್ಲಿ, ಮೆಟ್ಟಿಲಿಗೆ ಅಡ್ಡವಾಗಿ ಕಟ್ಟಿದ್ದ ಕಲ್ಲುಗೋಡೆಯ ಒಂದು ಮೂಲೆಯನ್ನು ಆಳು ನುಸುಳುವಷ್ಟು ಒಡೆದಿದ್ದುದನ್ನು ನೋಡಿದೆ. ಯಾರು ಒಡೆದರೆಂದು ಕೇಳಿದಾಗ ವೃದ್ಧೆಯೊಬ್ಬರು ನಕ್ಕು, "ರಟ್ಟೆ ನೋವಾದವರು ಒಡೆದರಪ್ಪ" ಎಂದರು. ಆರೋಗ್ಯ ಇಲಾಖೆಯ ಯಾವ ವರದಿಯಲ್ಲೂ ಈ ವಾಕ್ಯವಿರಲಾರದು.

ಸ್ವಾತಂತ್ರ್ಯದ ನಂತರದ್ದನ್ನು ಬೇಗ ಹೇಳಿಬಿಡಬಹುದು. ಬೋರ್ಡುಗಳ ಕಾಯಿದೆ 1952ರಲ್ಲಿ, ಮತ್ತೆ 1959ರಲ್ಲಿ ಬದಲಾಯಿತು. 1972-73ರಲ್ಲಿ ಕೇಂದ್ರದ ತ್ವರಿತ ಗ್ರಾಮೀಣ ನೀರು ಸರಬರಾಜು ಯೋಜನೆ ಮೊದಲಾಯಿತು. ಆಮೇಲೆ ತಲೆಗೆ ದಿನಕ್ಕೆ 40 ಲೀಟರು, 250 ಜನಕ್ಕೊಂದು ಕೈಪಂಪು ಎಂಬ ಅಳತೆ ಬಳಕೆಗೆ ಬಂತು. ನಮ್ಮ ರಾಜ್ಯದಲ್ಲಿ ಅದಕ್ಕೆ ಜೀವ ಬಂದದ್ದು ಅಬ್ದುಲ್ ನಜೀರ್ ಸಾಬರಿಂದ. 1983ರ ಪಂಚಾಯತ್ ರಾಜ್ ಕಾಯಿದೆಯ ಶಿಲ್ಪಿಯೂ ಅವರೇ, ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದವರೂ ಅವರೇ. ಅಧಿಕಾರವನ್ನು ಜಿಲ್ಲೆಗೆ ಕೊಡುವುದಕ್ಕೂ ನೀರನ್ನು ಹಳ್ಳಿಗೆ ಕೊಡುವುದಕ್ಕೂ ಸಂಬಂಧವಿದೆಯೆಂದು ಅರಿತಿದ್ದ ಮಂತ್ರಿ ಅವರು. 1988ರಲ್ಲಿ ಅಕಾಲದಲ್ಲಿ ತೀರಿಕೊಂಡರು. ಕೈಪಂಪಿಗೆ ಮೆಟ್ಟಿಲಿಲ್ಲ. ವೈದ್ಯರು ಐವತ್ತು ವರ್ಷ ವಾದಿಸಿ ಮಾಡಿಸಲಾರದ್ದನ್ನು ಕೊರೆಯುವ ಯಂತ್ರ ಮಾಡಿತು. ದೇಶದ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ 1983-84ರಲ್ಲಿ ಮೊದಲಾದಾಗ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ಕಡೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರವರಿಯಲ್ಲಿ ಭಾರತ ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. 1986ರಲ್ಲಿ ಪ್ರಪಂಚದಲ್ಲಿ ಸುಮಾರು 35 ಲಕ್ಷ ಮಂದಿಯನ್ನು ಮಲಗಿಸಿದ್ದ ಹುಳ 2023ರಲ್ಲಿ ಕಾಣಿಸಿಕೊಂಡದ್ದು ಹದಿನಾಲ್ಕು ಮಂದಿಯಲ್ಲಿ.

ಗೆದ್ದೆವು. ಆದರೆ ಕೊಳವೆಬಾವಿ ತನ್ನದೇ ಆದ ಬಾಯಿಯನ್ನು ತೆರೆಯಿತು. ಆಳಕ್ಕಿಳಿದಂತೆಲ್ಲ ದುರ್ಗದ ಕಲ್ಲಿನಿಂದ ಫ್ಲೋರೈಡು ಏರಿಬಂತು; ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ದಾಟಿದ ನೀರನ್ನು ಕುಡಿದ ಮಕ್ಕಳ ಹಲ್ಲು ಕಂದಿತು. ಹಳೆಯ ಶತ್ರು ಬರಿಗಣ್ಣಿಗೆ ನೂಲಿನಂತೆ ಕಾಣುತ್ತಿದ್ದ. ಈ ಶತ್ರು ಸೋಸಿದರೂ ಸಿಗನು. ತೋಟದವರು ಅಡಿಕೆ, ತೆಂಗು, ದಾಳಿಂಬೆಗೆಂದು ಕೊರೆದ ಬಾವಿ ಪಕ್ಕದ ಊರಿನ ಕುಡಿಯುವ ಬಾವಿಯನ್ನು ಬತ್ತಿಸಿತು. ಜಿಲ್ಲೆಯ ಬಹುತೇಕ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ವರ್ಷಗಟ್ಟಲೆ ಉಳಿದವು. ಆಗ ಮತ್ತೆ ಹಳೆಯ ಪ್ರಶ್ನೆಯೇ ಬಂತು: ನನ್ನ ಹೊಲ, ನನ್ನ ಬಾವಿ. 1999ರ ಕರ್ನಾಟಕದ ಕಾಯಿದೆಯೊಂದು ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂದಿತು. 2011ರ ಇನ್ನೊಂದು ಕಾಯಿದೆ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಬಾವಿಗೆ ನೋಂದಣಿ, ಕೊರೆಯುವ ಯಂತ್ರಕ್ಕೂ ನೋಂದಣಿ ಬೇಕೆಂದಿತು. ಬರಿದಾದ ಕೊಳವೆಗಳಿಗೆ ಮಕ್ಕಳು ಬಿದ್ದು ಸಾಯುವುದನ್ನು ಕಂಡ ಸುಪ್ರೀಂ ಕೋರ್ಟು 2010ರಲ್ಲಿ ಇನ್ನೂ ವಿವರಕ್ಕಿಳಿದು, ಕೊರೆಯುವ ಹದಿನೈದು ದಿನ ಮುಂಚೆ ಒಡೆಯ ಅಧಿಕಾರಿಗಳಿಗೆ ತಿಳಿಸಬೇಕು, ಕೊಳವೆಯ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಬೇಕು, ಬಾಯಿಗೆ ಮುಚ್ಚಳ ಬಿಗಿಯಬೇಕು, ಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕು ಎಂದು ವಿಧಿಸಿತು. ಬಾಯಿಗೆ ಕಟ್ಟೆ ಎಂಬುದು ತೊಂಬತ್ತು ವರ್ಷದ ಹಿಂದಿನ ಮಾತೇ.

ಹಣದ ಮಾತೂ ಹೊಸ ವೇಷದಲ್ಲಿ ಮರಳಿದೆ. ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ, ಆರೋಗ್ಯಕ್ಕೆಂದೇ 70,051 ಕೋಟಿ ರೂಪಾಯಿಯನ್ನು ಸ್ಥಳೀಯ ಸಂಸ್ಥೆಗಳ ಮೂಲಕ ವೆಚ್ಚ ಮಾಡಲು ಶಿಫಾರಸು ಮಾಡಿತು. ಗ್ರಾಮ ಪಂಚಾಯಿತಿಗಳಿಗೆ ಬರುವ ಅನುದಾನದಲ್ಲಿ ನೀರಿಗೂ ನೈರ್ಮಲ್ಯಕ್ಕೂ ಪಾಲನ್ನು ಕಟ್ಟಿಟ್ಟಿತು. ಆರೋಗ್ಯಾಧಿಕಾರಿಗೂ ಬೋರ್ಡಿಗೂ ನಡುವೆ ಇದ್ದ ಆ ಹಳೆಯ ಮೇಜನ್ನು ತೆಗೆಯುವ ಪ್ರಯತ್ನ ಇದು ಎಂದು ನಾನು ತಿಳಿದಿದ್ದೇನೆ. ಮೇಜು ಎಷ್ಟು ಸರಿದಿದೆಯೆಂಬುದು ಊರಿಂದೂರಿಗೆ ಬೇರೆ.

2023ರ ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ ಚಿತ್ರದುರ್ಗ ನಗರದ ಅಂಚಿನ ಕವಾಡಿಗರಹಟ್ಟಿಯಲ್ಲಿ ನಲ್ಲಿಯ ನೀರು ಕುಡಿದ ಜನ ವಾಂತಿಭೇದಿಯಿಂದ ನರಳಿದರು. ನೂರಕ್ಕೂ ಮಿಕ್ಕಿ ಜನ ಆಸ್ಪತ್ರೆ ಸೇರಿದರು, ಹಲವರು ತೀರಿಕೊಂಡರು. ಬಡವರ, ಹೆಚ್ಚಾಗಿ ದಲಿತರ ಬಡಾವಣೆ ಅದು. ಮೆಟ್ಟಿಲಿರಲಿಲ್ಲ, ಹಗ್ಗವಿರಲಿಲ್ಲ, ಯಾರ ಕಾಲೂ ನೀರಿಗೆ ತಾಗಿರಲಿಲ್ಲ. ನೀರು ಕೊಳವೆಯಲ್ಲಿ ಮನೆಬಾಗಿಲಿಗೇ ಬಂದಿತ್ತು. ಮಂತ್ರಿಗಳು ಬಂದರು, ವಿಚಾರಣೆಗಳು ನಡೆದವು, ನೀರಿನ ಮಾದರಿಗಳನ್ನು ಬಾಟಲಿಗಳಲ್ಲಿ ತುಂಬಿ ಪರೀಕ್ಷೆಗೆ ಕಳುಹಿಸಿದರು. ಆ ಬಡಾವಣೆಯಿಂದ ತಲೆಯೆತ್ತಿದರೆ ದುರ್ಗದ ಬೆಟ್ಟ ಕಾಣುತ್ತದೆ. ಅದರ ಮೇಲೆ ನಾಯಕರ ಕಾಲದ ಹೊಂಡಗಳಲ್ಲಿ ಮಳೆಯ ನೀರು ಒಂದರಿಂದೊಂದಕ್ಕೆ ಇಳಿಯುತ್ತಿರುತ್ತದೆ.